ಆಯ್. ಈ. ಹಳೆಯ ಧೋತರ

ಅಂಗಡಿಯ ಬಾಗಿಲನ್ನು ಅರ್ಧ ತೆರೆದಿಟ್ಟು ಗುರಲಿಂಗಪ್ಪ ಕುರ್ಚಿ ಒರೆಸುತ್ತಿದ್ದ. ಮೊದಲು ಬೆನ್ನು, ಆಮೇಲೆ ಕೂಡುವ ಹಲಗೆ, ಆಮೇಲೆ ಕಾಲುಗಳು, ಎಲ್ಲ ಮುಗಿದ ಮೇಲೆ ಅದರ ಎರಡು ಕೈ. ಕೈಗಳನ್ನು ಒರೆಸುವಾಗ ಹೆಗಲ ಮೇಲಿನ ವಲ್ಲಿಯಲ್ಲಿ ಕೊಳೆಯಾಗದ ತುದಿಯನ್ನೇ ಹುಡುಕಿ ತೆಗೆಯುತ್ತಿದ್ದ. ಸ್ಟೇಷನ್ ರಸ್ತೆಯ ಟಾಂಗಾಗಳನ್ನು ಇನ್ನೂ ಹೂಡಿರಲಿಲ್ಲ. ಒಳಗೆ ಫಿಟ್ಟರ್ ಭಾಗಪ್ಪ ಬೇವಿನ ಕಡ್ಡಿ ಕಚ್ಚಿಕೊಂಡು ಗೋಡೆಗೆ ಒರಗಿ ಇದನ್ನೆಲ್ಲ ನೋಡುತ್ತಿದ್ದ. ದೇವರ ಜಗಲಿ ಒರೆಸುವವರನ್ನು ನಡುವೆ ಮಾತಾಡಿಸಬಾರದೆಂದು ಅವನ ತಾಯಿ ಕಲಿಸಿದ್ದಳು. ಕುರ್ಚಿಗೆ ಬೇರೆ ನಿಯಮ ಇದೆಯೆಂದು ಯಾರೂ ಹೇಳಿರಲಿಲ್ಲ.

ಈ ಕುರ್ಚಿಯ ಸಂಗತಿ ಹೇಳದೆ ಮುಂದೆ ಹೋಗುವಂತಿಲ್ಲ.

ಗುರಲಿಂಗಪ್ಪ ವಿಜಾಪುರದ ಹಣಮಂತರಾಯರ ಕಬ್ಬಿಣದ ಅಂಗಡಿಯಲ್ಲಿ ಮೊಳೆ, ಸರಪಳಿ, ನೇಗಿಲಿನ ಕುಡ ತೂಗುವವನಾಗಿ ಸೇರಿದವನು. ತೂಗುವವನು ನಿಂತೇ ಇರಬೇಕು. ನಿಂತು ನಿಂತು ಅವನ ಮದುವೆಯಾಯಿತು. ಮದುವೆಗೆ ಮುಂಚೆ 'ಹುಡುಗ ಅಂಗಡಿಯಲ್ಲಿದ್ದಾನೆ' ಎಂದು ಕೇಳಿ ಹೆಣ್ಣು ಕೊಟ್ಟ ಬಬಲೇಶ್ವರದ ಅಮರಪ್ಪ, ಮದುವೆಯ ನಂತರ ಪೇಟೆಗೆ ಬಂದಾಗಲೆಲ್ಲ ಎದುರಿನ ಕಟ್ಟೆಯ ಮೇಲೆ ಕುಳಿತು ಅಳಿಯನನ್ನು ನೋಡುತ್ತಿದ್ದ. ನೋಡಿ ಊರಿಗೆ ಹೋಗಿ ಹೆಂಡತಿ ರುದ್ರವ್ವನಿಗೆ ಒಂದೇ ಮಾತು ಹೇಳುತ್ತಿದ್ದ: "ಇನ್ನೂ ನಿಂತಾರ."

ಆಗ ಮಹಾಯುದ್ಧ ಮುಗಿದು ಹೆಚ್ಚು ದಿನ ಆಗಿರಲಿಲ್ಲ. ಅರಿವೆ ರೇಷನ್ನಿನಲ್ಲಿತ್ತು, ಚಿಮಣಿ ಎಣ್ಣೆ ರೇಷನ್ನಿನಲ್ಲಿತ್ತು, ಬಸ್ಸುಗಳು ಬೆನ್ನಿಗೆ ಇದ್ದಲಿಯ ಒಲೆ ಕಟ್ಟಿಕೊಂಡು ಅದರ ಹೊಗೆಯಲ್ಲೇ ಓಡುತ್ತಿದ್ದವು. ಇಂಥ ಕಾಲದಲ್ಲಿ ಹಣಮಂತರಾಯರು ಬಾವಿಯ ನೀರೆತ್ತುವ ಎಣ್ಣೆ ಎಂಜಿನ್ನುಗಳ ಏಜೆನ್ಸಿ ಹಿಡಿದರು. ಎಂಜಿನ್ನಿನ ಜೊತೆಗೆ ಅದನ್ನು ನಡೆಸುವುದು ಹೇಗೆಂದು ಒಂದು ಇಂಗ್ಲಿಷ್ ಪುಸ್ತಕ ಬರುತ್ತಿತ್ತು. ಕೊಂಡವರು ಎಂಜಿನ್ನನ್ನು ಬಾವಿಗೆ ಕೂಡಿಸಿ, ಪುಸ್ತಕವನ್ನು ಗೋಡೆಯ ಮಾಡದಲ್ಲಿಟ್ಟು, ಬೆಳಗಾದರೆ ಭಾಗಪ್ಪನನ್ನು ಕಳಿಸಿರೆಂದು ಹೇಳಿಕಳಿಸುತ್ತಿದ್ದರು.

ಭಾಗಪ್ಪ ಒಂದು ದಿನ ನಟ್ಟು ಬಿಗಿಯುವ ಪಾನಾ ಕೆಳಗಿಟ್ಟು ಹೇಳಿದ. "ರಾಯರ, ನನಗ ಒಂದು ರೆಕ್ಕಿ ಹಚ್ಚಿಸಿಕೊಡ್ರಿ, ಇಲ್ಲಾ ಇದನ್ನ ಕನ್ನಡದಾಗ ಬರಸ್ರಿ. ಬೆಳಗಾದ್ರ ಅರ್ಧ ಜಿಲ್ಲಾ ನನ್ನ ಹೆಸರು ಹಿಡದು ಒದರತೈತಿ."

"ಯಾರು ಬರೀತಾರ?" ಎಂದರು ರಾಯರು.

ಅಂಗಡಿಯಲ್ಲಿ ಓದಿದವನೆಂದರೆ ಗುರಲಿಂಗಪ್ಪ ಒಬ್ಬನೇ. ಕನ್ನಡ ಶಾಲೆಯ ಮುಲ್ಕಿ ಪರೀಕ್ಷೆ ಪಾಸಾಗಿ ಇಂಗ್ಲಿಷ್ ಶಾಲೆಯ ಹೊಸ್ತಿಲನ್ನೂ ತುಸು ದಿನ ಸವೆಸಿದ್ದ. ಅವನು ಕೈಯಲ್ಲಿದ್ದ ತಕ್ಕಡಿಯನ್ನು ಸಾವಕಾಶ ಇಳಿಸಿ, "ನಾ ಬರೀತೀನ್ರಿ. ಆದ್ರ ಕುಂತು ಬರೀಬೇಕಾಗತೈತಿ" ಎಂದ.

ರಾಯರು ಮಾಳಿಗೆಯ ಮೇಲಿಂದ ಕುರ್ಚಿ ಇಳಿಸಿಕೊಟ್ಟರು. ಸಂಗಡ ಒಂದು ಷರತ್ತನ್ನೂ ಇಳಿಸಿಕೊಟ್ಟರು. "ನೋಡ್ರಿ ಗುರಲಿಂಗಪ್ಪ, ನಿಮ್ಮ ಹಾಳಿ ಓದಿ ಎಂಜಿನ್ನು ಚಾಲೂ ಆತು ಅಂದ್ರ ಕುರ್ಚಿ ನಿಮ್ಮದು. ಆಗಲಿಲ್ಲಂದ್ರ ಅದು ಮ್ಯಾಲ ಹತ್ತತೈತಿ, ನೀವು ಮತ್ತ ತಕ್ಕಡಿ ಹಿಡೀತೀರಿ."

ಅಂದಿನಿಂದ ಹಗಲು ಆ ಕುರ್ಚಿಯಲ್ಲಿ, ಸಂಜೆ ಇಬ್ರಾಹಿಂಪುರದ ಅವನ ಮನೆಯ ಕಟ್ಟೆಯ ಮೇಲೆ ಬರವಣಿಗೆ ನಡೆಯಿತು. ಕೆಲಸದ ಮಾತನ್ನು ಭಾಗಪ್ಪ ಹೇಳಿದ, ಇಂಗ್ಲಿಷ್ ಶಬ್ದಗಳ ಅರ್ಥವನ್ನು ಪಕ್ಕದ ಮನೆಯ ಹೈಸ್ಕೂಲ್ ಮಾಸ್ತರರು ಹೇಳಿದರು. ಎಲ್ಲ ಸರಿಯಾಗಿಯೇ ಸಾಗುತ್ತಿತ್ತು. ಅಷ್ಟರಲ್ಲಿ ಗುರಲಿಂಗಪ್ಪನ ಕಣ್ಣು ಆ ಸಣ್ಣ ಚುಕ್ಕಿಯ ಅಕ್ಷರಗಳ ಮೇಲೆ ಬಿತ್ತು.

"ಮಾಸ್ತರ, ಇವೇನ್ರಿ? ಆಯ್, ಚುಕ್ಕಿ, ಈ, ಚುಕ್ಕಿ. ಇಲ್ಲಿ ನೋಡ್ರಿ, ಎನ್, ಚುಕ್ಕಿ, ಬಿ, ಚುಕ್ಕಿ."

"ಅವು ಇಂಗ್ಲಿಷ್ ಅಲ್ಲಪಾ, ಲ್ಯಾಟಿನ್. ನಮಗ ಸಂಸ್ಕೃತ ಹೆಂಗೋ ಅವರಿಗೆ ಲ್ಯಾಟಿನ್ ಹಂಗ. ಶಾಸ್ತ್ರದ ಗ್ರಂಥದಾಗ ಬರತಾವ."

ಮಾಸ್ತರರು ಮುಂದೆ ಅರ್ಥವನ್ನೂ ಹೇಳಿದರು. ಯಾವುದನ್ನು ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು ಎಂದು ಬಿಡಿಸಿ ಬಿಡಿಸಿ ಹೇಳಿದರು. ಆದರೆ 'ಸಂಸ್ಕೃತ' ಎನ್ನುವ ಹೊತ್ತಿಗೇ ಗುರಲಿಂಗಪ್ಪನ ಕಿವಿ ತುಂಬಿತ್ತು. ತುಂಬಿದ ಕೊಡಕ್ಕೆ ಎಷ್ಟು ಸುರಿದರೇನು, ಉಳಿದದ್ದೆಲ್ಲ ಕಟ್ಟೆಯ ಮೇಲೆ ಹರಿದುಹೋಯಿತು.

ಲಗ್ನಪತ್ರಿಕೆಯ ನೆತ್ತಿಯ ಮೇಲೆ ಶ್ರೀಕಾರ ಬೇಕು, ಶಾಸ್ತ್ರದ ಹಾಳೆಯಲ್ಲಿ ಚುಕ್ಕಿಯ ಅಕ್ಷರ ಬೇಕು. ಇಷ್ಟು ಅವನಿಗೆ ಸ್ಪಷ್ಟವಾಯಿತು. ಇಂಗ್ಲಿಷಿನವರು ಜಿಪುಣತನದಿಂದ ಅಲ್ಲೊಂದು ಇಲ್ಲೊಂದು ಹಾಕಿದ್ದರು. ಗುರಲಿಂಗಪ್ಪ ಬಬಲೇಶ್ವರದ ಅಳಿಯ, ಬಡಿಸುವಾಗ ಕೈ ಹಿಂದೆಗೆಯುವವನಲ್ಲ. ಎಲ್ಲ ಸಾಲಿಗೂ ಬಡಿಸಿದ. ಹಾಳೆ ಹೀಗಾಯಿತು:

'ಎನ್. ಬಿ. ಮೊದಲು ದೀಪ ಹಚ್ಚಿ, ಆಯ್. ಈ., ಎಂಜಿನ್ನಿನ ತಲೆಗೆ ಹಿಡಿದು, ಈ. ಜಿ., ತಲೆ ಕೆಂಪಾಗುವವರೆಗೆ, ವ್ಹಿ. ಆಯ್. ಝಡ್., ಕಾಸುತ್ತಿರಬೇಕು, ಈ. ಟಿ. ಸಿ.

'ಎನ್. ಬಿ. ತಲೆ ಕಾಯುತ್ತಿರುವಾಗ, ಈ. ಜಿ., ಎಣ್ಣೆಯ ಬಟ್ಟಲುಗಳನ್ನು ಸ್ವಚ್ಛ ಅರಿವೆಯಿಂದ, ಆಯ್. ಈ., ಹಳೆಯ ಧೋತರದಿಂದ, ಒರೆಸಬೇಕು, ಈ. ಟಿ. ಸಿ.'

ಹೀಗೆ ಇಳಿದು ಇಳಿದು, ಚಕ್ರ ತಿರುಗಿಸುವ ಮಾತು ಹಾಳೆಯ ಕಟ್ಟಕಡೆಗೆ ಬಂದಿತ್ತು. ಅದರ ಕೆಳಗೆ ಬರೆದವನ ಹೆಸರು: 'ಎನ್. ಬಿ. ಗುರಲಿಂಗಪ್ಪ, ಈ. ಟಿ. ಸಿ.'

ಹೆಂಡತಿ ಮುರಿಗೆವ್ವ ರೊಟ್ಟಿ ಬಡಿಯುತ್ತ ಒಳಗಿನಿಂದ ಕೇಳಿಸಿಕೊಂಡಳು. "ಏನ್ರಿ ಅದು, ಒಂದs ಸಮನ ಆಯ್ ಆಯ್ ಅನ್ನಾಕತ್ತೀರಿ. ಹೊಟ್ಟಿಗಿಟ್ಟಿ ನೋಯ್ತೈತೇನು?"

"ಲ್ಯಾಟಿನ್ ಅದು" ಎಂದ ಗುರಲಿಂಗಪ್ಪ.

"ಜೀರಿಗಿ ನೀರು ಕೊಡ್ಲೇನು?" ಎಂದಳು ಮುರಿಗೆವ್ವ.

ಹಾಳೆ ಛಾಪಖಾನೆಯಿಂದ ಬಂದ ದಿನ ಅಮರಪ್ಪ ಪೇಟೆಗೆ ಬಂದಿದ್ದ. ಎದುರಿನ ಕಟ್ಟೆಯ ಮೇಲೆ ಕುಳಿತು ನೋಡಿದ. ಅಳಿಯ ಕಾಣಲಿಲ್ಲ. ಎದ್ದು ನಿಂತು ನೋಡಿದ. ಅಳಿಯ ಕುಳಿತಿದ್ದ, ಅದೂ ಕೈಯಿರುವ ಕುರ್ಚಿಯಲ್ಲಿ. ಅಮರಪ್ಪ ರಸ್ತೆ ದಾಟಿ ಅಂಗಡಿಗೆ ಬಂದು, ಹಾಳೆಯನ್ನು ಕೈಗೆ ತೆಗೆದುಕೊಂಡು, ಹೆಸರನ್ನು ಬೆರಳಿಟ್ಟು ಓದಿ, "ಒಂದು ಎಂಜಿನ್ನು ಕಟ್ಟಿಸ್ರಿ" ಎಂದ. ಆದರೆ ಅವನು ವ್ಯವಹಾರದ ಮನುಷ್ಯ. ಅಳಿಯ ಬೇರೆ, ಎಂಜಿನ್ನು ಬೇರೆ. ಶೀಗಿ ಹುಣ್ಣಿಮೆಯೊಳಗೆ ಭಾಗಪ್ಪನ ಕೈ ಹತ್ತದೆ, ಬರೀ ಹಾಳೆ ಓದಿ ಎಂಜಿನ್ನು ನಡೆಯಬೇಕು. ಇಲ್ಲದಿದ್ದರೆ ಬಂದ ಗಾಡಿಯಲ್ಲೇ ತಿರುಗಿ ಹೋಗಬೇಕು.

ಹಣಮಂತರಾಯರು ಗುರಲಿಂಗಪ್ಪನನ್ನು ನೋಡಿದರು, ಆಮೇಲೆ ಮಾಳಿಗೆಯನ್ನು ನೋಡಿದರು.

ಬಬಲೇಶ್ವರದ ಬಾವಿಯ ಹತ್ತಿರ ಭಾಗಪ್ಪ ಎಂಜಿನ್ನು ಕೂಡಿಸಿ, ಕೈ ತೊಳೆದುಕೊಂಡು, ಷರತ್ತಿನಂತೆ ದೂರ ಹೋಗಿ ಬೇವಿನ ಗಿಡದ ಕೆಳಗೆ ಮಲಗಿದ. ಊರಿನ ಮಂದಿ ಕೂಡಿದರು. ಈ ಜಾತಿಯ ಎಂಜಿನ್ನಿನ ಸ್ವಭಾವ ಎಲ್ಲರಿಗೂ ಕೇಳಿ ಗೊತ್ತಿತ್ತು. ಅದರ ತಲೆಯನ್ನು ದೀಪದಿಂದ ಚೆನ್ನಾಗಿ ಕಾಸದೆ ಚಕ್ರ ತಿರುಗಿಸಿದರೆ ಅದು ಹಿಂದಕ್ಕೆ ಒದೆಯುತ್ತದೆ. ಕಾಯಿತೋ ಇಲ್ಲವೋ ಎಂದು ತಿಳಿಯುವುದು ಕಷ್ಟ, ಯಾಕೆಂದರೆ ಬಬಲೇಶ್ವರದ ಬಿಸಿಲಿನಲ್ಲಿ ಕಬ್ಬಿಣದ ಕೆಂಪು ಕಾಣುವುದಿಲ್ಲ. ಅಂದಾಜಿನ ಮೇಲೆ ತಿರುಗಿಸಿ ಮುಂಗೈ ಮುರಿದುಕೊಂಡವರು ಸುತ್ತಲ ಹಳ್ಳಿಗಳಲ್ಲಿ ಇದ್ದರು.

ಅಮರಪ್ಪ ದೀಪ ಹಚ್ಚಿ ಎಂಜಿನ್ನಿನ ತಲೆಯ ಕೆಳಗಿಟ್ಟ. ದೀಪ ಬುಸುಗುಟ್ಟಿತು. ಅವನು ಹಾಳೆ ಬಿಚ್ಚಿ, ಪುರಾಣ ಓದುವ ಧಾಟಿಯಲ್ಲಿ ಗಂಟಲು ಸರಿಮಾಡಿಕೊಂಡ.

"ಎನ್. ಬಿ.," ಎಂದು ಓದಿ ನಿಲ್ಲಿಸಿದ. "ಅಳಿಯಂದ್ರ, ಇದೇನ್ರಿ?"

"ಲ್ಯಾಟಿನ್ ಅದು ಮಾವಾರ. ಅವರ ಸಂಸ್ಕೃತ."

ಅಮರಪ್ಪ ಕಾಲಿನ ಕೆರವು ಬಿಟ್ಟ. ಅವನನ್ನು ನೋಡಿ ಎಲ್ಲರೂ ಬಿಟ್ಟರು. ರುದ್ರವ್ವ ಸೆರಗು ಹೊದ್ದುಕೊಂಡಳು.

ಓದು ಸುರುವಾಯಿತು. ಅಳಿಯ ಬರೆದ ಒಂದು ಚುಕ್ಕಿಯನ್ನೂ ಬಿಡಬಾರದೆಂದು ಅಮರಪ್ಪ ಅಕ್ಷರಕ್ಕೊಂದು ಉಸಿರು ಕೊಟ್ಟು ಓದಿದ. ಸಾಲಿಗೊಮ್ಮೆ ತಲೆಯೆತ್ತಿ, "ತಿಳೀತೇನ್ರಪಾ?" ಎಂದ. "ತಿಳೀತು" ಎಂದಿತು ಸಭೆ. ನಡುವೆ ಯಾರೋ ಕೆಮ್ಮಿದರು. ಬೆರಳು ತಪ್ಪಿ, ಎಲ್ಲಿ ಇದ್ದೆನೆಂದು ತಿಳಿಯದೆ ಅಮರಪ್ಪ ಮತ್ತೆ ಮೊದಲಿಂದ ಸುರುಮಾಡಿದ. ಅಂದಿನಿಂದ ಓದು ನಡೆದಾಗ 'ತಿಳೀತು' ಬಿಟ್ಟು ಬೇರೆ ಮಾತಿಗೆ ಯಾರೂ ಬಾಯಿ ಬಿಡಬಾರದು, ಬಿಟ್ಟರೆ ಮೊದಲಿಂದ ಓದಬೇಕು ಎಂಬುದು ಪದ್ಧತಿಯಾಯಿತು. ಕಡೆಗೆ 'ಎನ್. ಬಿ. ಗುರಲಿಂಗಪ್ಪ, ಈ. ಟಿ. ಸಿ.' ಎಂಬಲ್ಲಿಗೆ ಹಾಳೆ ಮುಗಿಯಿತು. ಆ ಹೊತ್ತಿಗೆ ದೀಪ ಎಂಜಿನ್ನಿನ ತಲೆಯನ್ನು ಕಾಸಬೇಕಾದಷ್ಟು ಕಾಸಿ, ಇನ್ನು ನನ್ನ ಕೆಲಸವಿಲ್ಲ ಎಂಬಂತೆ ಉರಿಯುತ್ತಿತ್ತು. ಅಮರಪ್ಪ ಚಕ್ರ ತಿರುಗಿಸಿದ. ಎಂಜಿನ್ನು ಒಮ್ಮೆ ಸೀನಿತು, ಆಮೇಲೆ 'ಡುಗ್ ಡುಗ್' ಎಂದು ಗಂಭೀರವಾಗಿ ನಡೆಯತೊಡಗಿತು. ಕೊಳವೆಯಿಂದ ಬಂದ ನೀರು ಬದನೆಯ ಸಾಲಿಗೆ ಹರಿಯಿತು.

"ಓದಿಗೆ ಓಗೊಟ್ಟಿತು ನೋಡ್ರಿ" ಎಂದಳು ರುದ್ರವ್ವ, ಮತ್ತು ಹಾಳೆಗೆ ವಿಭೂತಿ ಹಚ್ಚಿದಳು.

ಗುರಲಿಂಗಪ್ಪನಿಗೂ ಹಾಗೆಯೇ ಅನ್ನಿಸಿತೆಂದು ಹೇಳಬೇಕಾಗುತ್ತದೆ. ಬರೆದವನಿಗೆ ತನ್ನ ಬರಹದ ಮೇಲೆ ಇಲ್ಲದ ಸಂಶಯ ನಮಗೇಕೆ?

ಸುದ್ದಿ ತಿಕೋಟಾಕ್ಕೆ ಹೋಯಿತು. ಅಲ್ಲಿ ಸಿದ್ದರಾಯನೆಂಬ ಕುರಿಯವನು ಹೊಲ ಹಿಡಿದು, ಬೇರೆ ಕಡೆಯಿಂದ ಇಂಥದ್ದೇ ಎಂಜಿನ್ನು ಕೊಂಡು, ದಿನಾ ಒದೆಸಿಕೊಳ್ಳುತ್ತಿದ್ದ. ಅವನು ಬಬಲೇಶ್ವರಕ್ಕೆ ಬಂದು ಕೆರವು ಬಿಟ್ಟು ನಿಂತು ಕೇಳಿಸಿಕೊಂಡ. ಓದು ಬರದು, ಆದರೆ ರಾತ್ರಿಯಿಡೀ ಡೊಳ್ಳಿನ ಪದ ಹೇಳುವವನ ಬಾಯಿಗೆ ಒಂದು ಹಾಳೆ ಯಾವ ಲೆಕ್ಕ? ಕೆಲವು ಸಲ ಕೇಳಿ ಬಾಯಿಪಾಠ ಮಾಡಿಕೊಂಡು ಹೋದ. ಹಾಡಿನ ಧಾಟಿ ಹಚ್ಚಿ ಹೇಳಿದ್ದರಿಂದ ಅವನದು ಇನ್ನೂ ಉದ್ದವಾಯಿತು. ತಿಕೋಟಾದ ಎಂಜಿನ್ನು ಒದೆಯುವುದನ್ನು ಬಿಟ್ಟಿತು.

ಆಮೇಲೆ ಅವನು ಒಂದು ದಿನ ಬಸ್ಸಿನಲ್ಲಿ ವಿಜಾಪುರಕ್ಕೆ ಬರುತ್ತಿದ್ದಾಗ ದಾರಿಯಲ್ಲಿ ಬಸ್ಸು ನಿಂತಿತು. ಡ್ರೈವರ್ ಇದ್ದಲಿಯ ಒಲೆಗೆ ಗಾಳಿ ಹಾಕುವುದು, ಓಡಿಬಂದು ಎಂಜಿನ್ನು ತಿರುಗಿಸುವುದು, ಬೈಯುವುದು, ಮತ್ತೆ ಗಾಳಿ ಹಾಕುವುದು ಮಾಡುತ್ತಿದ್ದ. ಸಿದ್ದರಾಯ ಇಳಿದು ಹೇಳಿದ. "ತಮ್ಮಾ, ಬೈಗುಳಕ್ಕ ಏನೂ ಆಗಂಗಿಲ್ಲ. ಗಾಳಿ ಹಾಕಿಕೋತ ಕುಂಡ್ರು. ನಾ ಒಂದು ಅಂತೀನಿ." ಇಡೀ ಹಾಳೆಯನ್ನು ಅಂದ. ಅಷ್ಟು ಹೊತ್ತು ಗಾಳಿ ಹಾಕಿಸಿಕೊಂಡ ಒಲೆಯಲ್ಲಿ ಹೊಗೆ ತುಂಬಿತು, ಬಸ್ಸು ಹೊರಟಿತು. ಬಸ್ಸಿನಲ್ಲಿದ್ದವರೆಲ್ಲ ಮನೆಗೆ ಹೋಗಿ ಹೇಳಿದರು. ಮರುವಾರ ಒಬ್ಬಳು ಹಾಲು ಸೊರಬಿಡದ ಎಮ್ಮೆಯ ಮುಂದೆ 'ವ್ಹಿ. ಆಯ್. ಝಡ್.' ಹೇಳಿಸಿದಳೆಂದೂ, ಎಮ್ಮೆ ಕೇಳಿ ಕೇಳಿ ಕಡೆಗೆ ಬೇಸತ್ತು ಹಾಲು ಕೊಟ್ಟಿತೆಂದೂ ಸಂತೆಯಲ್ಲಿ ಮಾತಾಯಿತು. ತುಸು ಕಾದರೆ ತಾವಾಗಿ ಆಗುವ ಕೆಲಸಗಳು ಜಗತ್ತಿನಲ್ಲಿ ಬಹಳ ಇವೆ. ಅವೆಲ್ಲ ಒಂದೊಂದಾಗಿ ಗುರಲಿಂಗಪ್ಪನ ಹೆಸರಿಗೆ ಜಮೆಯಾಗತೊಡಗಿದವು.

ಎಂಜಿನ್ನುಗಳಿಗೆ ಗಿರಾಕಿ ಹೆಚ್ಚಿದರು. ಹಣಮಂತರಾಯರು ಕುರ್ಚಿಗೆ ಒಂದು ಗಾದಿ ಹೊಲಿಸುವ ಮಾತೆತ್ತಿದರು. ತೊಂದರೆ ಇದ್ದದ್ದು ಒಂದೇ. ಹಾಳೆಯಲ್ಲಿ 'ಹಳೆಯ ಧೋತರ' ಎಂದು ಬರೆದಿತ್ತು. ರುದ್ರವ್ವ ಒಂದು ದಿನ ಹರಿದ ಸೀರೆಯ ತುಂಡು ತಂದಾಗ ಅಮರಪ್ಪ ಹಾಳೆಯ ಮೇಲೆ ಬೆರಳಿಟ್ಟು, "ಅಲ್ಲಿ ಸೀರಿ ಅಂತ ಐತೇನು?" ಎಂದು ಕೇಳಿದ್ದ. ಅವನ ಹಳೆಯ ಧೋತರ ಮುಗಿದವು, ತಮ್ಮಂದಿರವು ಮುಗಿದವು. ಅರಿವೆ ರೇಷನ್ನಿನ ಕಾಲ, ಹೊಸದು ಸಿಗದೆ ಹಳೆಯದು ಹೇಗೆ ಹುಟ್ಟಬೇಕು? ಪೇಟೆಗೆ ಬರುವವರ ಕೈಯಲ್ಲಿ ರುದ್ರವ್ವ ಹೇಳಿಕಳಿಸಿದಳು: ಅಳಿಯಂದಿರ ಹಳೆಯ ಧೋತರ ಇದ್ದರೆ ಕೊಡಬೇಕು. ಮುರಿಗೆವ್ವ ಇದ್ದದ್ದನ್ನು ಕೊಟ್ಟು ಕಳಿಸಿದಳು. ಗುರಲಿಂಗಪ್ಪನಿಗೆ ಮೈಮೇಲಿನದು ಉಳಿಯಿತು.

ಹೀಗಿರುವಾಗ ಎಂಜಿನ್ನಿನ ಕಂಪನಿಯ ಇನ್ಸ್‌ಪೆಕ್ಟರರು ಪುಣೆಯಿಂದ ಬಂದರು. ಮೂಲತಃ ಧಾರವಾಡದ ಕಡೆಯವರು, ಕನ್ನಡ ಓದಬಲ್ಲವರು. ಅಂಗಡಿಯಲ್ಲಿ ಚಹಾ ಕುಡಿಯುತ್ತ ಹಾಳೆಯನ್ನು ಕೈಗೆತ್ತಿಕೊಂಡರು. ಚಹಾ ಆರಿತು. ಅವರು ಹಾಳೆಯನ್ನು ತಿರುಗಿಸಿ ಹಿಂದೆ ನೋಡಿದರು. ಹಿಂದೆ ಏನೂ ಇರಲಿಲ್ಲ, ಅದು ಅವರಿಗೆ ಸಮಾಧಾನ ತಂದಂತೆ ಕಂಡಿತು.

"ಇದನ್ನ ಯಾರು ಬರದಾರ?"

"ಅವರs ನೋಡ್ರಿ, ಕುರ್ಚ್ಯಾಗ ಕುಂತಾರಲ್ಲ" ಎಂದರು ರಾಯರು ಹೆಮ್ಮೆಯಿಂದ.

ಗುರಲಿಂಗಪ್ಪ ಎದ್ದು ನಿಂತ.

ಇನ್ಸ್‌ಪೆಕ್ಟರರು ಕೆಟ್ಟವರಲ್ಲ. ಕೆಂಪು ಪೆನ್ಸಿಲು ತೆಗೆದು, ಶಾಂತವಾಗಿ, ಮಾಸ್ತರರು ಕಟ್ಟೆಯ ಮೇಲೆ ಚೆಲ್ಲಿಹೋದದ್ದನ್ನೆಲ್ಲ ಮತ್ತೆ ತುಂಬಿಸತೊಡಗಿದರು.

"ಆಯ್. ಈ. ಅಂದ್ರ 'ಅಂದರೆ'. ಹೇಳಿದ್ದನ್ನs ಮತ್ತೊಂದು ಮಾತಿನಾಗ ಬಿಡಿಸಿ ಹೇಳೂದು. ಅದರ ಹೊರಗ ಏನೂ ಉಳಿಯಂಗಿಲ್ಲ. ಈ. ಜಿ. ಅಂದ್ರ 'ಉದಾಹರಣೆಗೆ'. ಹತ್ತರಾಗ ಒಂದು ತಗದು ತೋರಸೂದು. ನೀವು 'ಸ್ವಚ್ಛ ಅರಿವೆ, ಆಯ್. ಈ., ಹಳೆಯ ಧೋತರ' ಅಂತ ಬರದೀರಿ. ಅಂದ್ರ ಜಗತ್ತಿನಾಗ ಹಳೇ ಧೋತರ ಬಿಟ್ರ ಬ್ಯಾರೆ ಸ್ವಚ್ಛ ಅರಿವಿನs ಇಲ್ಲ ಅಂದಂಗಾತು. ಇಲ್ಲಿ ಈ. ಜಿ. ಬರಬೇಕಾಗಿತ್ತು."

"ಹೌದ್ರಿ" ಎಂದ ಗುರಲಿಂಗಪ್ಪ. ತನ್ನ ಧೋತರಗಳು ಯಾವ ಎರಡು ಅಕ್ಷರಗಳ ಬಾಯಿಗೆ ಬಿದ್ದವೆಂದು ಅವನಿಗೆ ಆಗ ಕಂಡಿತು.

"ವ್ಹಿ. ಆಯ್. ಝಡ್. ಅಂದ್ರ ಇಂತಿಂಥವು ಅಂತ ಹೆಸರ ಹಿಡದು ಹೇಳೂದು. 'ಕೆಂಪಾಗುವವರೆಗೆ' ಆದ ಮ್ಯಾಲ ಹೆಸರ ಯಾರದು ಹೇಳ್ತೀರಿ? ಈ. ಟಿ. ಸಿ. ಅಂದ್ರ ವಗೈರೆ. ಇಲ್ಲಿ ಓದ್ರಿ. 'ಚಕ್ರ ತಿರುಗಿದ ಕೂಡಲೇ ಕೈ ತೆಗೆಯಬೇಕು, ಈ. ಟಿ. ಸಿ.' ಕೈ ತಗದ ಮ್ಯಾಲ ಮತ್ತೇನು ತಗೀಬೇಕ್ರಿ? ಎನ್. ಬಿ. ಅಂದ್ರ 'ಇದನ್ನ ಚಲೋತ್ನಂಗ ಗಮನಿಸ್ರಿ' ಅಂತ. ಎಲ್ಲಾ ಸಾಲಿಗೂ ಗಮನಿಸ್ರಿ ಅಂದ್ರ ಯಾವ ಸಾಲು ಗಮನಿಸಬೇಕು?" ಪೆನ್ಸಿಲು ಹಾಳೆಯ ಬುಡಕ್ಕೆ ಬಂದು ನಿಂತಿತು. "ಮತ್ತ ಇದು. 'ಗುರಲಿಂಗಪ್ಪ ವಗೈರೆ.' ನಿಮ್ಮ ಜೋಡಿ ಮತ್ತ್ಯಾರು ಅದಾರ?"

ಭಾಗಪ್ಪ ಎರಡು ಹೆಜ್ಜೆ ಹಿಂದೆ ಸರಿದ.

ತೀರ್ಪು ಹೀಗಾಯಿತು. ಹಾಳೆಯನ್ನು ಮತ್ತೆ ಬರೆಯಬೇಕು. ಹಳ್ಳಿಯವರ ಹಾಳೆಗೆ ಲ್ಯಾಟಿನ್ ಬೇಡ. 'ಅಂದರೆ', 'ಉದಾಹರಣೆಗೆ', 'ಮುಂತಾದ' ಎಂದು ಕನ್ನಡದಲ್ಲೇ, ಬೇಕಾದಲ್ಲಿ ಮಾತ್ರ ಬರೆಯಬೇಕು. ಹೊಸ ಹಾಳೆಯಿಂದ ಬಬಲೇಶ್ವರದ ಎಂಜಿನ್ನು ನಡೆದದ್ದನ್ನು ಇನ್ಸ್‌ಪೆಕ್ಟರರು ಕಣ್ಣಾರೆ ನೋಡುವರು. ನಡೆಯದಿದ್ದರೆ ಕುರ್ಚಿಯಲ್ಲಿ ಬರೆಯಬಲ್ಲವರನ್ನು ಕೂಡಿಸುವುದು. ಷರತ್ತಿನ ಹುಣ್ಣಿಮೆಯೂ ಹತ್ತಿರ ಬಂದಿತ್ತು.

ಗುರಲಿಂಗಪ್ಪ ಬರೆದ. ಈ ಸಲ ಕಿವಿ ತೆರೆದಿಟ್ಟುಕೊಂಡು ಬರೆದ. ಹಾಳೆ ಅಂಗೈಯಷ್ಟಾಯಿತು. ಒಂದು ಮಾತು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ, 'ಉದಾಹರಣೆಗೆ ಹಳೆಯ ಧೋತರ, ಸೀರೆಯ ತುಂಡು' ಎಂದು ಸರಿಯಾದಲ್ಲಿ ಸರಿಯಾಗಿ ಕುಳಿತಿತ್ತು. ಇನ್ಸ್‌ಪೆಕ್ಟರರು ಓದಿ ತಲೆದೂಗಿದರು. ಬರಹದಲ್ಲಿ ಯಾವ ದೋಷವೂ ಇರಲಿಲ್ಲ.

ಬಾವಿಯ ಹತ್ತಿರ ಎಲ್ಲರೂ ಕೂಡಿದರು. ತಿಕೋಟಾದಿಂದ ಸಿದ್ದರಾಯನೂ ಬಂದಿದ್ದ. ಅಮರಪ್ಪ ದೀಪ ಹಚ್ಚಿದ, ಕೆರವು ಬಿಟ್ಟ, ಗಂಟಲು ಸರಿಮಾಡಿಕೊಂಡು ಹೊಸ ಹಾಳೆ ಓದಿದ. ಗಂಟಲು ಸರಿಮಾಡಿಕೊಂಡದ್ದೇ ಹೆಚ್ಚು ಹೊತ್ತಾಯಿತು.

"ಮುಗೀತೇನ್ರಿ?" ಎಂದ.

"ಮುಗೀತು. ತಿರುವ್ರಿ" ಎಂದರು ಇನ್ಸ್‌ಪೆಕ್ಟರರು.

"ತಲಿ ಕೆಂಪಾಗೇತೇನ್ರಿ?" ಎಂದು ಭಾಗಪ್ಪ ಗಿಡದ ಕೆಳಗಿನಿಂದ ಕೂಗಿದ.

ಅಮರಪ್ಪ ಬಗ್ಗಿ ನೋಡಿದ. "ಈ ಬಿಸಲಾಗ ನನ್ನ ತಲಿನs ಕೆಂಪಾಗೇತಿ. ಅದರದೂ ಆಗಿರಬೇಕು."

ತಿರುಗಿಸಿದ. ಎಂಜಿನ್ನು ಹಿಂದಕ್ಕೆ ಒದೆಯಿತು. ಅಮರಪ್ಪ ಬದನೆಯ ಸಾಲಿನಲ್ಲಿ ಹೋಗಿ ಕುಳಿತ. ದೊಡ್ಡದೊಂದು ಕರಿಯ ಹೊಗೆಯ ಉಂಡೆ ಹೊರಟು, ಇಷ್ಟು ಮಂದಿಯಲ್ಲಿ ಇನ್ಸ್‌ಪೆಕ್ಟರರನ್ನೇ ಆರಿಸಿಕೊಂಡಿತು. ಎರಡನೆಯ ಸಲ ಸಿದ್ದರಾಯ ತಿರುಗಿಸಿ ಬದನೆಯ ಸಾಲಿನಲ್ಲಿ ಅಮರಪ್ಪನಿಗೆ ಜೊತೆಯಾದ. ಹಣಮಂತರಾಯರು ಗುರಲಿಂಗಪ್ಪನನ್ನು ನೋಡಿದರು, ಆಮೇಲೆ ಮೇಲೆ ನೋಡಿದರು. ಅಲ್ಲಿ ಮಾಳಿಗೆ ಇರಲಿಲ್ಲ, ಬರೀ ಆಕಾಶ ಇತ್ತು. ಆದರೂ ಗುರಲಿಂಗಪ್ಪನಿಗೆ ಕುರ್ಚಿ ಕಂಡಿತು.

"ಸಾಹೇಬರ, ಸಿಟ್ಟಿಗೇಳಬ್ಯಾಡ್ರಿ" ಎಂದ ಸಿದ್ದರಾಯ ಮಣ್ಣು ಕೊಡವಿಕೊಳ್ಳುತ್ತ. "ನೀವು ಹೂರಣ ತಗದು ಬರೀ ಕಣಕ ಬಡಿಸಾಕತ್ತೀರಿ. ಅದಕ್ಕೂ ತಿಳೀತೈತಿ."

"ಎಂಜಿನ್ನಿಗೆ ಏನು ತಿಳೀತೈತೋ ಮಾರಾಯ? ಅದು ಕಬ್ಬಿಣ."

"ಕಬ್ಬಿಣ ಅಂತೀರಿ, ಮತ್ತ ನಿಮ್ಮ ಮಾರಿನs ನೋಡಿ ಹೊಗಿ ಬಿಡ್ತಲ್ರಿ."

ರುದ್ರವ್ವ ಮನೆಗೆ ಹೋಗಿ, ಜಗಲಿಯ ಮೇಲಿದ್ದ ಹಳೆಯ ಹಾಳೆ ತಂದು ಗಂಡನ ಕೈಗಿಟ್ಟಳು. ದೀಪಕ್ಕೆ ಮತ್ತೆ ಎಣ್ಣೆ ಹಾಕಿ ಹಚ್ಚಿದರು. "ಎನ್. ಬಿ.," ಎಂದ ಅಮರಪ್ಪ, ಸೋತು ಬಂದವನು ತವರಿನ ಬಾಗಿಲು ಕಂಡಂತೆ.

ಗುರಲಿಂಗಪ್ಪನಿಗೆ ಮಾವನ ಮುಖ ನೋಡುವ ಧೈರ್ಯವಿರಲಿಲ್ಲ, ರಾಯರ ಮುಖ ನೋಡುವ ಧೈರ್ಯ ಮೊದಲೇ ಇರಲಿಲ್ಲ. ನೋಡಲು ಬೇರೇನೂ ಉಳಿಯದೆ ದೀಪವನ್ನೇ ನೋಡುತ್ತ ನಿಂತ. 'ಆಯ್. ಈ.' ಎಂದಾಗ ಎಂಜಿನ್ನಿನ ತಲೆ ಸುಮ್ಮನಿತ್ತು. 'ವ್ಹಿ. ಆಯ್. ಝಡ್.' ಎಂದಾಗ ಅದರ ಮೇಲೆ ಕುಳಿತ ನೊಣ ಎದ್ದು ಹೋಯಿತು. ಓದು ಕೆಳಗಿಳಿದಂತೆ ಅದರ ಸುತ್ತಲ ಗಾಳಿ ನಡುಗತೊಡಗಿತು. 'ಗುರಲಿಂಗಪ್ಪ, ಈ. ಟಿ. ಸಿ.' ಎಂಬ ಹೊತ್ತಿಗೆ ಅವನಿಗೆ ಕಾಲಿನಿಂದ ತಲೆಯವರೆಗೆ ಎಲ್ಲ ತಿಳಿದುಹೋಗಿತ್ತು. ಚಕ್ರ ತಿರುಗಿತು. 'ಡುಗ್ ಡುಗ್' ಎಂದಿತು. ನೀರು ಬಂತು.

"ಸಾಹೇಬರ" ಎಂದ ಗುರಲಿಂಗಪ್ಪ ಮೆಲ್ಲಗೆ, "ಅದು ಓದು ಅಲ್ರಿ. ಅಷ್ಟ್ಹೊತ್ತು ಕಾಯೋದು."

ಇನ್ಸ್‌ಪೆಕ್ಟರರ ಕೈಯಲ್ಲಿ ಗಡಿಯಾರವಿತ್ತು. "ನನಗೂ ಈಗ ತಿಳೀತು. ಹಂಗಾರ 'ಚೆನ್ನಾಗಿ ಕಾಯಿರಿ' ಅಂತ ಒಂದು ಸಾಲು ಹಾಕ್ರಿ, ಮುಗೀತು."

ಸಿದ್ದರಾಯ ನಡುವೆ ಬಾಯಿ ಹಾಕಿದ. "ಕಾಯ್ರಿ ಅಂದ್ರ ಯಾರು ಕಾಯ್ತಾರ್ರಿ ಸಾಹೇಬರ? ಓದ್ರಿ ಅಂದ್ರ ಓದತಾರ."

ಇನ್ಸ್‌ಪೆಕ್ಟರರು ಮುಖದ ಮಸಿಯನ್ನು ಒರೆಸಿಕೊಂಡರು. ಆಮೇಲೆ ಹಳೆಯ ಹಾಳೆಯನ್ನು ತೆಗೆದುಕೊಂಡು, ಅದರ ಮೂಲೆಯಲ್ಲಿ ಕೆಂಪು ಪೆನ್ಸಿಲಿನಿಂದ 'ಬಳಕೆಗೆ ಯೋಗ್ಯ' ಎಂದು ಬರೆದು, ತಮ್ಮ ಹೆಸರಿನ ಎರಡು ಚುಕ್ಕಿಯ ಅಕ್ಷರ ಹಾಕಿದರು. ಅಮರಪ್ಪ ಅವೂ ಲ್ಯಾಟಿನ್ನೇ ಇರಬೇಕೆಂದು ಮರುದಿನದಿಂದ ಅವನ್ನೂ ಸೇರಿಸಿ ಓದಿದ.

ಕುರ್ಚಿ ಉಳಿಯಿತು. ಅದಕ್ಕೆ ಗಾದಿಯೂ ಬಂತು. ಅಮರಪ್ಪ ಪೇಟೆಯ ಕಟ್ಟೆಯ ಮೇಲೆ ಕುಳಿತು ನೋಡಿ ಊರಿಗೆ ಹೋಗಿ, "ಕುಂತಾರ. ಗಾದಿ ಮ್ಯಾಲ" ಎಂದ. ಇಲ್ಲಿಗೆ ಎಲ್ಲ ಸುಖವಾಗಿರಬೇಕಿತ್ತು. ಆದರೆ ಗುರಲಿಂಗಪ್ಪನಿಗೆ ಈಗ ಅರ್ಥ ಗೊತ್ತಾಗಿತ್ತು. ಮೊದಲು ಹೆಮ್ಮೆಯಿಂದ ನೋಡುತ್ತಿದ್ದ ಹಾಳೆಯನ್ನು ಈಗ ನೋಡಿದರೆ ಅನ್ನದಲ್ಲಿ ಹರಳು ಕಂಡಂತಾಗುತ್ತಿತ್ತು. ಉಳಿದ ಹರಳುಗಳನ್ನು ನುಂಗಬಹುದಿತ್ತು. ಆ ಧೋತರದ ಸಾಲಿನ ಒಂದು ಹರಳನ್ನಾದರೂ ತೆಗೆಯಬೇಕು. ಅಲ್ಲಿ ಆಯ್. ಈ. ಇರಬಾರದು, ಈ. ಜಿ. ಇರಬೇಕು. ಬಬಲೇಶ್ವರಕ್ಕೆ ಹೇಳಿಕಳಿಸಿದ. 'ಹಾಳೆಗೆ ಸಾಹೇಬರ ರುಜು ಬಿದ್ದಿದೆ, ಇನ್ನು ಮುಟ್ಟುವಂತಿಲ್ಲ' ಎಂದು ಉತ್ತರ ಬಂತು.

ದೀಪಾವಳಿಗೆ ಮಾವನ ಮನೆಯಿಂದ ಕರೆ ಬಂದಾಗ ಗುರಲಿಂಗಪ್ಪ ಕಿಸೆಯಲ್ಲಿ ಪೆನ್ಸಿಲು ಇಟ್ಟುಕೊಂಡು ಹೆಂಡತಿಯ ಜೊತೆ ಹೋದ. ಬೆಳಿಗ್ಗೆ ಎದ್ದು ಬಾವಿಯ ಹತ್ತಿರ ಸ್ನಾನಕ್ಕೆ ಹೋದ. ಇದ್ದೊಂದು ಧೋತರವನ್ನು ತೊಟ್ಟಿಯ ತಳದಲ್ಲಿ ಉಳಿದಿದ್ದ ನೀರಿನಲ್ಲಿ ಒಗೆದು ಬೇಲಿಯ ಮೇಲೆ ಹರವಿ, ವಲ್ಲಿ ಸುತ್ತಿಕೊಂಡು, ಕೊಳವೆಗೆ ನೀರು ಬರುವ ದಾರಿ ಕಾಯುತ್ತ ಕಲ್ಲಿನ ಮೇಲೆ ಕುಳಿತ. ಆಚೆ ರುದ್ರವ್ವನ ದನಿ ಕೇಳಿಸಿತು. "ಹಳೇ ಧೋತರ ಒಂದೂ ಉಳದಿಲ್ಲ ಅಂತ ನಿನ್ನೆನ ಹೇಳೇನಿ. ಇಲ್ಲಿ ಬೇಲಿ ಮ್ಯಾಲ ಒಂದು ಬಿದ್ದೈತಿ ನೋಡ್ರಿ, ನಾಕು ಕಡೆ ಹರದೈತಿ. ಇದು ಹಳೇದ ಹೌದಲ್ಲ?"

ಗುರಲಿಂಗಪ್ಪ ವಲ್ಲಿಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಓಡಿದ.

ಓದು ಆಗಲೇ ಸುರುವಾಗಿತ್ತು. ದೀಪ ಬುಸುಗುಡುತ್ತಿತ್ತು. ಹಬ್ಬಕ್ಕೆ ಬಂದ ನೆಂಟರೂ ಸೇರಿ ಎಲ್ಲರೂ ಕೆರವು ಬಿಟ್ಟು, ತಲೆ ಬಾಗಿಸಿ ನಿಂತಿದ್ದರು. ಅಮರಪ್ಪನ ಒಂದು ಕೈಯಲ್ಲಿ ಹಾಳೆಯಿತ್ತು, ಇನ್ನೊಂದು ಕೈಯಲ್ಲಿ ಎರಡಾಗಿ ಸೀಳಿದ ಧೋತರದ ಒಂದು ಭಾಗವಿತ್ತು. ಇನ್ನೊಂದು ಭಾಗ ರುದ್ರವ್ವನ ಹೆಗಲ ಮೇಲೆ, ಇನ್ನೂ ಎಣ್ಣೆ ಮುಟ್ಟದೆ, ಒದ್ದೆಯಾಗಿ ಜೋತುಬಿದ್ದಿತ್ತು.

"ಮಾವಾರ, ಅಲ್ಲಿ ಆಯ್. ಈ. ಅಲ್ರಿ, ಈ. ಜಿ." ಎಂದ ಗುರಲಿಂಗಪ್ಪ ಏದುಸಿರು ಬಿಡುತ್ತ. "ಸೀರಿ ತುಂಡೂ ನಡೀತೈತಿ."

ನೆಂಟರು ಗಾಬರಿಯಿಂದ ತುಟಿಯ ಮೇಲೆ ಬೆರಳಿಟ್ಟರು. ಅಮರಪ್ಪ ಬೆರಳನ್ನು ಸಾವಕಾಶ ಹಾಳೆಯ ನೆತ್ತಿಗೆ ಒಯ್ದು, "ಎನ್. ಬಿ.," ಎಂದು ಮೊದಲಿಂದ ಸುರುಮಾಡಿದ. ಮುರಿಗೆವ್ವ ಬಾಯಿಗೆ ಸೆರಗು ಒತ್ತಿಕೊಂಡು ಬೇವಿನ ಗಿಡದ ಕಡೆ ತಿರುಗಿ ನಿಂತಳು. ಅವಳ ಹೆಗಲು ಅಲುಗುತ್ತಿತ್ತು.

ಗುರಲಿಂಗಪ್ಪ ವಲ್ಲಿಯನ್ನು ಇನ್ನಷ್ಟು ಬಿಗಿಮಾಡಿಕೊಂಡು, ಅತ್ತೆಯ ಕಡೆ ಒಂದು ಹೆಜ್ಜೆ ಇಟ್ಟು, ಅವಳಿಗೆ ಮಾತ್ರ ಕೇಳುವಷ್ಟು ಸಣ್ಣ ದನಿಯಲ್ಲಿ ಹೇಳಿದ:

"ಅತ್ತಿ, ಆ ಅರ್ಧಾನರ ಕೊಡ್ರಿ."